ಮೂಲೆಗೆ ಬಿದ್ದ ಮಾರುತಿ 800: ಎಬ್ಬಿಸಲು ಯೋಗ್ಯವೇ?

ಶೆಡ್ಡಿನಲ್ಲೋ ಮರದ ಕೆಳಗೋ ವರ್ಷಗಟ್ಟಲೆ ನಿಂತ ಕಾರುಗಳ ಪೈಕಿ ಮತ್ತೆ ರಸ್ತೆಗಿಳಿಸಲು ಸುಲಭವಾದದ್ದು ಈಗಲೂ ಮಾರುತಿ 800. 1983ರ ಡಿಸೆಂಬರ್‌ನಿಂದ 2014ರ ಜನವರಿ ತನಕ ತಯಾರಾದ ಗಾಡಿ ಇದು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಬಿಚ್ಚಿ ಕೂರಿಸಬಲ್ಲ ಮೆಕ್ಯಾನಿಕ್ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾನೆ. ಗ್ಯಾಸ್ಕೆಟ್, ಕ್ಲಚ್ ಪ್ಲೇಟ್, ಬ್ರೇಕ್ ಕಿಟ್‌ಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಬಾಗಿಲು, ಬಾನೆಟ್, ಗಾಜು ಬೇಕಾದರೆ ಶಿವಾಜಿನಗರದ ಗುಜರಿ. ಆದರೆ ಈ ಹೊಗಳಿಕೆಯೆಲ್ಲ ಯಂತ್ರಕ್ಕೆ ಸಲ್ಲಬೇಕಾದದ್ದು. ಈ ಕಾರನ್ನು ಕೊಲ್ಲುವುದು ತಗಡು ಮತ್ತು ಕಾಗದಪತ್ರ.

ಆದ್ದರಿಂದ ಬಾನೆಟ್ ಎತ್ತುವ ಮೊದಲು ಅಡಿಗೆ ನುಗ್ಗಿ ನೋಡಿ. ಇದಕ್ಕೆ ಪ್ರತ್ಯೇಕ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹೀಗಾಗಿ ಫ್ಲೋರ್ ಹೋದರೆ ಗಾಡಿಯೇ ಹೋದಂತೆ. ಮುಂದಿನ ಗಾಜಿನ ಕೆಳಗೆ ವೈಪರ್ ಇರುವ ಜಾಗದಲ್ಲಿ ಎಲೆ ಕೊಳೆತು ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ; ಆ ನೀರು ಒಳಗಿಳಿದು ಕಾಲಿಡುವ ಜಾಗದ ಮ್ಯಾಟ್ ಅಡಿಯಲ್ಲಿ ನಿಲ್ಲುತ್ತದೆ. ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಪದರ ಬಿಟ್ಟದ್ದು ಮಂಕಾಗಿ ದಬ್ ಎನ್ನುತ್ತದೆ. ಅಲ್ಲಿ ತುದಿಯಿಂದ ಒತ್ತಿದರೆ ನೆಲ ಕಾಣುವುದೂ ಉಂಟು. ಹಾಗೆಯೇ ಬ್ಯಾಟರಿ ತಟ್ಟೆಯ ಅಡಿ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಮುಂದಿನ ಸ್ಟ್ರಟ್‌ನ (ಶಾಕ್ ಅಬ್ಸಾರ್ಬರ್ ಇರುವ ಕಂಬ) ಮೇಲ್ತುದಿ ಕೂರುವ ಜಾಗ, ಚಕ್ರವನ್ನು ಬಾಡಿಗೆ ಜೋಡಿಸುವ ಲೋವರ್ ಆರ್ಮ್‌ನ ಬೋಲ್ಟ್ ಹಿಡಿಯುವ ಜಾಗ ನೋಡಿ. ಕೊನೆಯ ಎರಡು ಕಡೆ ತೂತು ಬಿದ್ದಿದ್ದರೆ ಬೇಡವೇ ಬೇಡ. ಕರಾವಳಿಯಲ್ಲಿ ನಿಂತ ಗಾಡಿಯಾದರೆ ಇದನ್ನೆಲ್ಲ ಇಮ್ಮಡಿ ಎಚ್ಚರದಿಂದ ನೋಡಬೇಕು. ಹೊಳೆಯುವ ಪೇಂಟ್ ನಂಬಬೇಡಿ, ಬಟ್ಟೆ ಸುತ್ತಿದ ಅಯಸ್ಕಾಂತ ಆಡಿಸಿ. ಹಿಡಿಯದ ಕಡೆ ಪುಟ್ಟಿ ಮೆತ್ತಿದ್ದಾರೆ.

ತುಕ್ಕಿನ ಮೇಲೆ ಹಚ್ಚುವ ರಸ್ಟ್ ಕನ್ವರ್ಟರ್ ದ್ರವದ ಬಗ್ಗೆ ಒಂದು ಮಾತು. ಅದರಲ್ಲಿರುವ ಫಾಸ್ಫರಿಕ್ ಅಥವಾ ಟ್ಯಾನಿಕ್ ಆಮ್ಲ ಮೇಲ್ಪದರದ ತುಕ್ಕನ್ನು ಕಪ್ಪಗಿನ ಗಟ್ಟಿ ಪದರವಾಗಿಸುತ್ತದೆ, ಅಷ್ಟೇ. ಉದುರುವ ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆಯದೆ ಹಚ್ಚಿದರೆ ಒಂದೇ ಮಳೆಗಾಲದಲ್ಲಿ ಪೇಂಟ್ ಗುಳ್ಳೆ ಏಳುತ್ತದೆ. ತೂತಿಗೆ ಮದ್ದು ಹೊಸ ತಗಡು, ಅದೂ ಮಿಗ್ ವೆಲ್ಡಿಂಗ್‌ನಲ್ಲಿ (ತಂತಿ ಹರಿಸುತ್ತ ಕರೆಂಟಿನಿಂದ ಮಾಡುವ ಬೆಸುಗೆ). ಗ್ಯಾಸ್ ವೆಲ್ಡಿಂಗ್ ಬಿಸಿಗೆ ಇಷ್ಟು ತೆಳುವಾದ ತಗಡು ಸೊಟ್ಟಗಾಗುತ್ತದೆ. ಫೈಬರ್ ಬಟ್ಟೆ ಅಂಟಿಸಿ ಕಪ್ಪು ಅಂಡರ್‌ಕೋಟ್ ಹೊಡೆದು ಕೊಡುವ ಟಿಂಕರಿಂಗ್ ಅಂಗಡಿಯಿಂದ ದೂರವಿರಿ.

ಅಡಿ ಗಟ್ಟಿಯಿದ್ದರೆ ಎಂಜಿನ್. ಜಂಪ್ ಕೇಬಲ್ ಹಾಕಿ ಸೆಲ್ಫ್ ಹೊಡೆಯುವ ಆತುರವೇ ಅರ್ಧ ಎಂಜಿನ್‌ಗಳನ್ನು ಕೆಡಿಸುವುದು. ಸಿಲಿಂಡರ್ ಗೋಡೆ ಒಣಗಿರುತ್ತದೆ, ಪಿಸ್ಟನ್ ರಿಂಗ್ ಅಂಟಿರುತ್ತದೆ. ಆ ಸ್ಥಿತಿಯಲ್ಲಿ ತಿರುಗಿಸಿದರೆ ಗೀರು ಬೀಳುತ್ತದೆ. ಮೂರೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೆ ಎರಡು ಟೀ ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಸಾಕೆಟ್ ಹಾಕಿ ಕೈಯಿಂದ ತಿರುಗಿಸಿ. ತಿರುಗದಿದ್ದರೆ ಬಲ ಹಾಕದೆ ಇನ್ನೊಂದು ದಿನ ನೆನೆಸಿ. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ನೋಡಲು ಚೆನ್ನಾಗಿದ್ದರೂ ಬದಲಿಸಿ, ರಬ್ಬರ್‌ಗೆ ಕಿಲೋಮೀಟರ್‌ಗಿಂತ ವಯಸ್ಸು ಮುಖ್ಯ. ಹಳೆ ಆಯಿಲ್ ಇಳಿಸಿ. ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ದಪ್ಪಗೆ ಕಂಡರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಹೊಸ ಫಿಲ್ಟರ್ ಹಾಕಿ, 20ಡಬ್ಲ್ಯೂ-40 ಆಯಿಲ್ ಡಿಪ್‌ಸ್ಟಿಕ್ ನೋಡುತ್ತ ತುಂಬಿ. ಮೂರು ಲೀಟರ್ ಡಬ್ಬ ಸಾಕು. ಪ್ಲಗ್ ಇಲ್ಲದೆಯೇ, ಇಗ್ನಿಷನ್ ಕಾಯಿಲ್‌ನ ವೈರ್ ಕಳಚಿ, ಸೆಲ್ಫ್ ಕೊಟ್ಟು ಆಯಿಲ್ ದೀಪ ಆರುವ ತನಕ ತಿರುಗಿಸಬೇಕು. ಆಮೇಲೆ ಮೂರೂ ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿ. ಮೂರೂ ಕಡಿಮೆಯಿದ್ದರೆ ಓಡಿದ ಮೇಲೆ ಸರಿಯಾಗುವ ಸಾಧ್ಯತೆ ಇದೆ. ಒಂದು ಮಾತ್ರ ತೀರಾ ಬಿದ್ದಿದ್ದರೆ ವಾಲ್ವ್ ಅಂಟಿದೆ ಅಥವಾ ರಿಂಗ್ ಹಿಡಿದಿದೆ.

ಪೆಟ್ರೋಲ್ ಕಡೆ ಅಸಲಿ ಕೆಲಸ. ವರ್ಷಗಟ್ಟಲೆ ನಿಂತ ಪೆಟ್ರೋಲ್ ವಾರ್ನಿಷ್ ವಾಸನೆಯ ಕಂದು ದ್ರವವಾಗಿರುತ್ತದೆ, ಅದಕ್ಕೆ ಹೊಸದು ಬೆರೆಸಿ ಸುಧಾರಿಸಲಾಗದು. ಟ್ಯಾಂಕ್ ಕೆಳಗಿಳಿಸಿ ತೊಳೆಸಿ. ಒಳಗೆ ತುಕ್ಕಿನ ಚೂರಿದ್ದರೆ ಬೇರೆ ಟ್ಯಾಂಕ್ ಹುಡುಕುವುದೇ ಲೇಸು. ಮೊದಲ ಸಲ ಸ್ಟಾರ್ಟ್ ಮಾಡಲು ಟ್ಯಾಂಕ್ ಬೇಡ: ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಗಾಡಿಯಲ್ಲಿ ಪಂಪ್‌ಗೆ ಬರುವ ಪೈಪನ್ನು ತಾಜಾ ಪೆಟ್ರೋಲ್ ಇರುವ ಕ್ಯಾನ್‌ಗೆ ಬಿಟ್ಟರೆ ಸಾಕು. ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳಿಗೆ ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿ. ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ಗಾಡಿ ಪೆಟ್ರೋಲ್ ಕುಡಿಯಲು ಶುರು ಮಾಡುತ್ತದೆ. ಈಗ ಬಂಕ್‌ಗಳಲ್ಲಿ ಬರುವ ಪೆಟ್ರೋಲ್‌ನಲ್ಲಿ ಎಥನಾಲ್ 20% ತನಕ ಇರುವುದರಿಂದ ಹಳೆ ರಬ್ಬರ್ ಉಳಿಯುವುದಿಲ್ಲ. ಪಂಪ್ ಡಯಾಫ್ರಮ್, ಎಲ್ಲ ಹೋಸ್, ನೀಡಲ್ ವಾಲ್ವ್ ಒಟ್ಟಿಗೇ ಬದಲಿಸಿ.

2000ದಿಂದ ಬಂದ, ಕಾರ್ಬುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಮಾದರಿ ಓಡಿಸಲು ಹಿತ, ಎಬ್ಬಿಸಲು ಮಾತ್ರ ತಲೆನೋವು. ಟ್ಯಾಂಕ್ ಒಳಗಿನ ಪಂಪ್ ಜಾಮ್ ಆಗಿರುತ್ತದೆ, ಇಂಜೆಕ್ಟರ್ ಕಟ್ಟಿರುತ್ತದೆ. ಅದಕ್ಕೂ ಹೆಚ್ಚಿನ ಕಾಟ ಇಲಿಯದು: ವೈರಿಂಗ್ ಕಡಿದಿದ್ದರೆ ಯಾವ ಸೆನ್ಸರ್ ಸತ್ತಿದೆ, ಯಾವ ವೈರ್ ತುಂಡಾಗಿದೆ ಎಂದು ಹುಡುಕುವ ಕೂಲಿಯೇ ಬಿಡಿಭಾಗದ ಬೆಲೆ ಮೀರುತ್ತದೆ.

ಬ್ರೇಕ್‌ನಲ್ಲಿ ಉಳಿತಾಯ ನೋಡಬೇಡಿ. ಬ್ರೇಕ್ ಆಯಿಲ್ ತೇವ ಹೀರಿ ವೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿಸಿರುತ್ತದೆ; ರಬ್ಬರ್ ಕಿಟ್ ಮಾತ್ರ ಬದಲಿಸಿದರೆ ಆ ಒರಟು ಗೋಡೆ ಹೊಸ ರಬ್ಬರನ್ನೂ ತಿನ್ನುತ್ತದೆ. ಸಿಲಿಂಡರ್ ಪೂರ್ತಿ ಹೊಸದು ಹಾಕಿ. ಹ್ಯಾಂಡ್ ಬ್ರೇಕ್ ಎಳೆದೇ ನಿಲ್ಲಿಸಿದ್ದರೆ ಹಿಂದಿನ ಶೂ ಡ್ರಮ್‌ಗೆ ಅಂಟಿರುತ್ತದೆ. ಟೈರ್ ಪೂರ್ತಿ ಸೆಟ್ ಹೊಸದು, ಚರ್ಚೆಯಿಲ್ಲ.

ಇಷ್ಟರ ನಡುವೆ ಆರ್‌ಸಿ (ನೋಂದಣಿ ಪತ್ರ) ತೆಗೆದು ನೋಡಿ. ನೋಂದಣಿಯ 15 ವರ್ಷ ಮುಗಿದಿದ್ದರೆ ಫಾರ್ಮ್ 25 ಹಾಕಿ ಐದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಇದರ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಿಂದ 10,000. ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಬೇರೆ, ಆರು ವರ್ಷ ಬಾಕಿಯಿದ್ದರೆ ಅದೇ 36,000 ಆಗುತ್ತದೆ. ಹಸಿರು ತೆರಿಗೆ, ವಿಮೆ, ಹೊಗೆ ಪರೀಕ್ಷೆ ಇದರಲ್ಲಿ ಸೇರಿಲ್ಲ. ತಪಾಸಣೆಗೆ ಚಾಸಿ ನಂಬರ್ ಓದುವಂತಿರಬೇಕು. ತುಕ್ಕು ಹಿಡಿದಿದ್ದರೆ ಡೀಸೆಲ್ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಉಪ್ಪುಕಾಗದ ಮುಟ್ಟಿಸಬೇಡಿ. ಅಂಕಿ ಸವೆದರೆ ತಿದ್ದಿದ್ದಾರೆಂಬ ಅನುಮಾನಕ್ಕೆ ದಾರಿ.

ನಮ್ಮ ತೀರ್ಪು: ಫ್ಲೋರ್ ಗಟ್ಟಿಯಿರುವ, ಮಾಲೀಕನ ಹೆಸರಲ್ಲೇ ಆರ್‌ಸಿ ಇರುವ ಕಾರ್ಬುರೇಟರ್ ಗಾಡಿ ಸಿಕ್ಕರೆ ಎಂಜಿನ್ ಜಾಮ್ ಆಗಿದ್ದರೂ ತೆಗೆದುಕೊಳ್ಳಿ. ಎಂಪಿಎಫ್‌ಐ ಆದರೆ ವೈರಿಂಗ್ ಅಖಂಡವಾಗಿರಬೇಕು. ಸೆಲ್ಫ್‌ಗೇ ಸ್ಟಾರ್ಟ್ ಆಗಿ ಫ್ಲೋರ್ ಮಾತ್ರ ಮೆತ್ತಗಿರುವ ಗಾಡಿಗೆ ಗುಜರಿ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ.