ಲಕೋಟೆ ಮೇಲೆ ಅಂಚೆ ಬಾರ್‌ಕೋಡ್: ಯಾವ ದಾರಿ?

ಅಮೆರಿಕದ ಅಂಚೆಗೆ ವರ್ಡ್‌ನಲ್ಲಿ ಲಕೋಟೆ ಮುದ್ರಿಸಬೇಕು, ಬಾರ್‌ಕೋಡ್ ಹಾಕಬೇಕಾ ಅಂತ ಕೇಳಿದ್ದೀರಿ. ಮೂರು ದಾರಿಗಳಿವೆ: ವರ್ಡ್‌ನ ಹಳೆಯ ಪೋಸ್ಟ್‌ನೆಟ್ ಗೆರೆಗಳು (ಅಂಚೆ ಯಂತ್ರ ಓದುವ ಹಳೆಯ ಬಾರ್‌ಕೋಡ್), ಅದರ ಜಾಗಕ್ಕೆ ಬಂದ ಇಂಟೆಲಿಜೆಂಟ್ ಮೇಲ್ ಬಾರ್‌ಕೋಡ್, ಅಥವಾ ಬರೀ ವಿಳಾಸ.

ಸುಲಭದಲ್ಲಿ ಬರೀ ವಿಳಾಸವೇ ಮುಂದು. ಪೋಸ್ಟ್‌ನೆಟ್ ಕೂಡ ಕಷ್ಟವಲ್ಲ, ವರ್ಡ್‌ನಲ್ಲಿ ಬಾರ್‌ಕೋಡ್ ಫೀಲ್ಡ್ (ಗೆರೆಗಳನ್ನು ತಾನೇ ಮೂಡಿಸುವ ಸಂಕೇತ) ಹಾಕಿದರೆ ಸಾಕು. ಇಂಟೆಲಿಜೆಂಟ್ ಮೇಲ್‌ಗೆ ಮಾತ್ರ ಮೇಲರ್ ಐಡಿ (ಕಳಿಸುವವರನ್ನು ಗುರುತಿಸುವ ಸಂಖ್ಯೆ), ಎನ್‌ಕೋಡರ್ (ಅಂಕಿಗಳನ್ನು ಬಾರ್‌ಕೋಡ್ ಸಂಕೇತಕ್ಕೆ ಬದಲಿಸುವ ಸಾಧನ), ಫಾಂಟ್, ಮೇಲ್ ಮರ್ಜ್ (ಪಟ್ಟಿಯಿಂದ ವಿಳಾಸ ತುಂಬುವ ವರ್ಡ್ ಸೌಲಭ್ಯ) ಎಲ್ಲಾ ಬೇಕು. ಐಡಿ ಮತ್ತು ಫಾಂಟ್ ಅಂಚೆ ಇಲಾಖೆಯಿಂದ ಉಚಿತ, ತಲೆನೋವು ನಿಮ್ಮದು!

ಖರ್ಚು ನೋಡಿದರೆ ಲೆಕ್ಕ ತಿರುಗುತ್ತದೆ. 2013ರಿಂದ ಪೋಸ್ಟ್‌ನೆಟ್‌ಗೆ ಅಂಚೆ ದರದಲ್ಲಿ ರಿಯಾಯಿತಿ ಇಲ್ಲ. ಹಾಗಾಗಿ ಅದನ್ನು ಹಾಕುವುದು ಸುಮ್ನೆ ಶ್ರಮ. ಹಳೆಯ ಟೆಂಪ್ಲೇಟ್‌ನಲ್ಲಿದ್ದರೆ ತೆಗೆದುಬಿಡಿ. ಇಂಟೆಲಿಜೆಂಟ್ ಮೇಲ್‌ಗೆ ರಿಯಾಯಿತಿ ಸಿಗುತ್ತದೆ, ಆದರೆ ಫಸ್ಟ್ ಕ್ಲಾಸ್‌ನಲ್ಲಿ (ಸಾಮಾನ್ಯ ಪತ್ರಗಳ ಅಂಚೆ ದರ್ಜೆ) ಒಮ್ಮೆಗೆ ಕನಿಷ್ಠ 500 ಲಕೋಟೆ ಇರಬೇಕು. ಈ ಬಾರ್‌ಕೋಡ್‌ನ 65 ಗೆರೆಗಳ ಅಳತೆ ಕೆಡಬಾರದು. ಪ್ರಿಂಟರ್‌ನ 'ಪುಟಕ್ಕೆ ಹೊಂದಿಸು' ಆಯ್ಕೆಯನ್ನು ಆಫ್ ಮಾಡಿ.

ತಿಂಗಳಿಗೆ ಹತ್ತಿಪ್ಪತ್ತು ಪತ್ರ ಕಳಿಸುವವರಿಗೆ ಬರೀ ವಿಳಾಸ ಸಾಕು. ಕೆಳಗಿನ ಬಲ ಮೂಲೆಯನ್ನು ಖಾಲಿ ಬಿಡಿ, ಅಂಚೆ ಯಂತ್ರವೇ ಅಲ್ಲಿ ಬಾರ್‌ಕೋಡ್ ಒತ್ತುತ್ತದೆ. ಸಾವಿರಗಟ್ಟಲೆ ಕಳಿಸುವ ಸಂಘ-ಸಂಸ್ಥೆಗಳಿಗೆ ಇಂಟೆಲಿಜೆಂಟ್ ಮೇಲ್ ಒಗ್ಗುತ್ತದೆ.