ಪೋಕರ್ ಚಿಪ್ಸ್ ಚೆನ್ನಾಗಿವೆ, ಜೊತೆಗೆ ಬಂದ ರೂಲ್ಸ್ ಚೀಟಿ ನಂಬಬೇಡಿ

ದೀಪಾವಳಿಗೆ ಮನೆಮಂದಿಯೆಲ್ಲ ಸೇರುತ್ತಾರೆ ಅಂತ 300 ಚಿಪ್ಸ್‌ನ (ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆಗಳು) ಪೋಕರ್ ಸೆಟ್ ಆನ್‌ಲೈನ್‌ನಲ್ಲಿ ತರಿಸಿದೆ. ದುಡ್ಡು ಕಟ್ಟಿ ಆಡುವುದಿಲ್ಲ, ಸೋತವರು ಮಾರನೇ ದಿನ ಪಾತ್ರೆ ತೊಳೆಯಬೇಕು, ಅಷ್ಟೇ. ಚಿಪ್ಸ್ ಒಳ್ಳೆ ಭಾರ ಇವೆ, ಮೇಜಿನ ಮೇಲೆ ಹಾಕಿದರೆ ಟಣ್ ಅನ್ನುತ್ತವೆ. ಎಲೆಗಳು ಮಾತ್ರ ಸುಮಾರು, ಎರಡೇ ದಿನಕ್ಕೆ ಮೂಲೆ ಮಡಚಿದವು.

ಜಗಳ ಹತ್ತಿದ್ದು ರೂಲ್ಸ್ ಚೀಟಿಯಿಂದ. ಹೋಲ್ಡಮ್ ಆಡುತ್ತಿದ್ದೆವು, ಅಂದರೆ ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ (ಅದೇ ಬೋರ್ಡ್) ಇರುವ ಪೋಕರ್. ಬೋರ್ಡ್ ಮೇಲೆ ರಾಜ, 9, 6, 3 ಮತ್ತು ಡೈಮಂಡ್ ಎಕ್ಕ. ನನ್ನ ಹತ್ತಿರ ಆಟೀನ್ ಎಕ್ಕ ಮತ್ತು 4, ಭಾವನ ಹತ್ತಿರ ಇಸ್ಪೀಟ್ ಎಕ್ಕ ಮತ್ತು 5. "ನೋಡಪ್ಪಾ, ಸಮ ಬಂದರೆ ಇಸ್ಪೀಟ್ ದೊಡ್ಡದು ಅಂತ ಇಲ್ಲೇ ಬರೆದಿದ್ದಾರೆ" ಅಂತ ಚೀಟಿ ತೋರಿಸಿ ಭಾವ ಪಾಟ್ (ಎಲ್ಲರೂ ಪಣಕ್ಕಿಟ್ಟ ಚಿಪ್ಸ್ ರಾಶಿ) ಎಳೆದುಕೊಂಡರು. ಇದು ಶುದ್ಧ ತಪ್ಪು. ಹೋಲ್ಡಮ್‌ನಲ್ಲಿ ಗೆಲುವು ತೀರ್ಮಾನಿಸುವಾಗ ಇಸ್ಪೀಟ್, ಆಟೀನ್ ಎಲ್ಲ ಒಂದೇ. ಏಳು ಎಲೆಯಲ್ಲಿ ಒಳ್ಳೆಯ ಐದು ಮಾತ್ರ ಲೆಕ್ಕ. ಇಬ್ಬರದ್ದೂ ಎಕ್ಕ, ಎಕ್ಕ, ರಾಜ, 9, 6. ಅವರ 5 ನನ್ನ 4ಕ್ಕಿಂತ ದೊಡ್ಡದಾದರೂ ಆ ಐದರೊಳಗೆ ಬರುವುದೇ ಇಲ್ಲ, ಹಾಗಾಗಿ ಪಾಟ್ ಅರ್ಧ ಅರ್ಧ. ಅವರ ಹತ್ತಿರ 5ರ ಬದಲು ಗುಲಾಮ ಇದ್ದಿದ್ದರೆ ಅದೇ ಕಿಕ್ಕರ್ (ಜೋಡಿ ಸಮ ಬಂದಾಗ ಗೆಲುವು ತೀರ್ಮಾನಿಸುವ ಎಲೆ) ಆಗಿ ಪೂರ್ತಿ ಅವರದ್ದೇ ಆಗುತ್ತಿತ್ತು.

ಸೈಡ್ ಪಾಟ್ ಬಗ್ಗೆ ಚೀಟಿಯಲ್ಲಿ ಒಂದು ಸಾಲೂ ಇಲ್ಲ, ಮನೆಯಾಟದಲ್ಲಿ ಜಾಸ್ತಿ ಕಿತ್ತಾಡುವುದೇ ಅಲ್ಲಿ ಅಲ್ವಾ? ಕೊನೆಗೆ ಮೂವರೇ ಉಳಿದಿದ್ದೆವು. ತಮ್ಮ 200ಕ್ಕೆ ಆಲ್ ಇನ್ (ಹತ್ತಿರ ಇದ್ದದ್ದೆಲ್ಲ ಹಾಕಿಬಿಟ್ಟ), ನಾನೂ ಭಾವನೂ 500 ಹಾಕಿದ್ದೆವು. ತಮ್ಮನದೂ ನನ್ನದೂ ಸಮ ಬಂತು, ಭಾವ ಸೋತರು. ಒಟ್ಟು 1200, ಇಬ್ಬರಿಗೂ 600 ಅಂತ ತಮ್ಮ ಕೈಚಾಚಿದ. ಹಾಗಲ್ಲ. ಮೂವರ 200 ಸೇರಿ 600 ಮೇನ್ ಪಾಟ್, ಅದರಲ್ಲಿ ಮಾತ್ರ ಅವನಿಗೆ ಪಾಲು, 300. ನಾನೂ ಭಾವನೂ ಮೇಲೆ ಹಾಕಿದ 300, 300 ಬೇರೆ ಪಾಟ್, ಅದೇ ಸೈಡ್ ಪಾಟ್, ಅವನು ಹಾಕದ ಚಿಪ್ಸ್‌ಗೆ ಅವನಿಗೆ ಹಕ್ಕಿಲ್ಲ. ನನಗೆ ಒಟ್ಟು 900 ಬಂತು, ತಮ್ಮ ಇನ್ನೂ ಮುಖ ಊದಿಸಿಕೊಂಡಿದ್ದಾನೆ.

ಇನ್ನೊಂದು ತೊಂದರೆ, 25ರ ಬಿಳಿ ಚಿಪ್ಸ್ 50 ಮಾತ್ರ. ಆರು ಜನ ಕೂತರೆ ತಲೆಗೆ ಎಂಟು. ಪಾಟ್ ಹಂಚುವಾಗೆಲ್ಲ ಚಿಲ್ಲರೆಗೆ ಪರದಾಟ. 325ರ ಪಾಟ್ ಇಬ್ಬರಿಗೆ ಹಂಚಿದರೆ 150, 150, ಒಂದು ಬಿಳಿ ಚಿಪ್ ಉಳಿಯುತ್ತದೆ. ಸಾಮಾನ್ಯವಾಗಿ ಅದು ಡೀಲರ್ ಬಟನ್‌ನ (ಎಲೆ ಹಂಚುವ ಸರದಿ ಯಾರದ್ದು ಅಂತ ತೋರಿಸುವ ಬಿಲ್ಲೆ) ಎಡಗಡೆಯಿಂದ ಎಣಿಸಿದಾಗ ಪಾಲುದಾರರಲ್ಲಿ ಮೊದಲು ಸಿಗುವವರಿಗೆ ಹೋಗುತ್ತದೆ. ಇದೂ ಚೀಟಿಯಲ್ಲಿಲ್ಲ, ಬಟನ್ ಮಾತ್ರ ಕೊಟ್ಟಿದ್ದಾರೆ, ಸುಮ್ನೆ!

ಐದಕ್ಕೆ ಮೂರು ಸ್ಟಾರ್. ನಾಲ್ಕು ಜನಕ್ಕೆ ಸಾಕು, ಆರು ಜನ ಇದ್ದರೆ 500 ಚಿಪ್ಸ್‌ನ ಸೆಟ್ ತಗೊಳ್ಳಿ, ಸಣ್ಣ ಚಿಪ್ಸ್ ಎಷ್ಟಿವೆ ಅಂತ ಮೊದಲೇ ಎಣಿಸಿ ನೋಡಿ.