ಬೆಟಗೇರಿ ಅಜ್ಜಿಯ ಕೈಗೆ ಗದೆ: ಬಾಲ್ಡರ್ಸ್ ಗೇಟ್ 3ರಲ್ಲಿ ಪಾತ್ರ ಕಟ್ಟಿದ ಅನುಭವ

ಗದಗಿನ ಒಂದು ಪ್ರೆಸ್ಸಿನಲ್ಲಿ ಪುಟ ಕಟ್ಟುವ ಕೆಲಸ ನನ್ನದು. ಲಗ್ನಪತ್ರಿಕೆ ಸೀಸನ್ ಮುಗಿದ ಮೇಲೆ ಸಂಜೆ ಸ್ವಲ್ಪ ಬಿಡುವು ಸಿಗುತ್ತದೆ. ಹಾಗೆ ಹಿಡಿದದ್ದೇ ಬಾಲ್ಡರ್ಸ್ ಗೇಟ್ 3. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ಹೊರತಂದ ಕಂಪ್ಯೂಟರ್ ಆಟ. ನಮ್ಮ ಪಾತ್ರವನ್ನು ನಾವೇ ಕಟ್ಟಿಕೊಂಡು ಕಥೆಯೊಳಗೆ ಹೋಗಬೇಕು. ಎರಡು ಸಲ ಮುಗಿಸಿದ್ದೇನೆ. ಕಥೆಯನ್ನು ಹೊಗಳಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿದ್ದು ಆಟದ ಮೊದಲ ಪರದೆಯ ಬಗ್ಗೆ, ಅಂದರೆ ಪಾತ್ರ ಕಟ್ಟುವುದರ ಬಗ್ಗೆ.

ಆ ಪರದೆ ನೋಡಿದ ಕೂಡಲೇ ಗಾಬರಿಯಾಗುತ್ತದೆ. 11 ಜನಾಂಗ, 12 ಕ್ಲಾಸ್ (ಅಂದರೆ ಪಾತ್ರದ ಕಸುಬು), ಪ್ರತಿ ಕ್ಲಾಸಿನೊಳಗೆ ಮತ್ತೆ ಕವಲು. ನಾನು ಮೊದಲ ಸಲ ಸುಮ್ನೆ ಚೆಂದದ ಮುಖ ನೋಡಿ ಆರಿಸಿದ್ದೆ. ಆ ಪಾತ್ರ ಮನಸ್ಸಿಗೆ ಹತ್ತಲೇ ಇಲ್ಲ. ಎರಡನೇ ಸಲ ಬೇರೆ ಥರ ಯೋಚಿಸಿದೆ. ಇವಳು ಯಾರು ಅಂತ ಒಂದೇ ಸಾಲಿನಲ್ಲಿ ಹೇಳಲು ಬರಬೇಕು ಅಂದುಕೊಂಡೆ. ಬೆಟಗೇರಿಯ ನಮ್ಮ ಅಜ್ಜಿ ನೆನಪಾದಳು. ಗಿಡ್ಡ, ಗಟ್ಟಿ ಜೀವ. ಹೊತ್ತು ಮುಳುಗಿದರೆ ದೀಪ ಹಚ್ಚದೆ ಬೇರೆ ಕೆಲಸಕ್ಕೆ ಕೈ ಹಾಕಿದವಳಲ್ಲ. ಅಷ್ಟು ಸಾಕಾಯಿತು. ಗೋಲ್ಡ್ ಡ್ವಾರ್ಫ್ ಅನ್ನುವ ಗಿಡ್ಡರ ಜನಾಂಗ, ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್ ಕ್ಲಾಸ್, ಅದರೊಳಗೆ ಬೆಳಕಿನ ಕವಲಾದ ಲೈಟ್ ಡೊಮೇನ್.

ಮುಖದ ವಿಷಯದಲ್ಲಿ ಒಂದು ಕೊರತೆ ಇದೆ. ಮೂಗು, ಗಲ್ಲ, ಹುಬ್ಬನ್ನು ಎಳೆದು ತಿದ್ದಲು ಆಗುವುದಿಲ್ಲ. ಅವರು ಮಾಡಿಟ್ಟ ಮುಖಗಳಲ್ಲೇ ಒಂದನ್ನು ಆರಿಸಬೇಕು. ಅಜ್ಜಿಯ ಅಗಲ ಮೂಗು ಸಿಗಲಿಲ್ಲ, ಬೇಜಾರಾಯಿತು. ಆದರೆ ಸುಕ್ಕು ಜಾಸ್ತಿ ಮಾಡುವ ಪಟ್ಟಿ ಇದೆ, ಕೂದಲಿಗೆ ನರೆ ಹಾಕುವುದೂ ಇದೆ. ಹಣೆಯ ಮೇಲೆ ಗೆರೆಗಳು ಮೂಡಿದಾಗ ಮೌಸ್ ಬಿಟ್ಟು ಸುಮ್ಮನೆ ನೋಡುತ್ತಾ ಕೂತೆ.

ಇನ್ನು ಅಂಕಿಗಳು. ಆರು ಗುಣಗಳಿಗೆ ಹಂಚಲು 27 ಪಾಯಿಂಟ್ ಕೊಡುತ್ತಾರೆ. ಎಲ್ಲವೂ 8ರಿಂದ ಶುರು, 15ಕ್ಕೆ ನಿಲ್ಲುತ್ತವೆ. ಆಮೇಲೆ ಒಂದಕ್ಕೆ 2, ಇನ್ನೊಂದಕ್ಕೆ 1 ಸೇರಿಸಬಹುದು. ಏಟು ಹತ್ತಿತೋ, ಮಾತು ಫಲಿಸಿತೋ ಅನ್ನುವುದನ್ನು ಈ ಆಟದಲ್ಲಿ ಇಪ್ಪತ್ತು ಮುಖದ ದಾಳ ಹೇಳುತ್ತದೆ, ಗುಣದ ಅಂಕಿ ನೋಡಿ ಅದಕ್ಕೆ ಒಂದಿಷ್ಟು ಸೇರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಸರಿಸಂಖ್ಯೆ. 12 ಇದ್ದರೆ ದಾಳಕ್ಕೆ 1 ಸೇರುತ್ತದೆ, 14 ಇದ್ದರೆ 2, 16 ಇದ್ದರೆ 3. 13ಕ್ಕೂ 12ಕ್ಕೂ ದಾಳದ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಅಜ್ಜಿಗೆ ನಾನು ಇಟ್ಟಿದ್ದು ವಿಸ್ಡಮ್ (ವಿವೇಕ, ಕ್ಲೆರಿಕ್ ಮಂತ್ರಗಳ ಬಲ ಇದೇ) 17, ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 16, ಡೆಕ್ಸ್‌ಟೆರಿಟಿ (ಚುರುಕು) 14, ಕರಿಸ್ಮಾ (ಮಾತಿನ ವರ್ಚಸ್ಸು) 10. ಉಳಿದೆರಡು 8ರಲ್ಲೇ ಇವೆ. ವಿಸ್ಡಮ್ ಯಾಕೆ 17 ಅಂದರೆ, 4ನೇ ಲೆವೆಲ್‌ನಲ್ಲಿ ಒಂದು ಸೇರಿಸಿ 18 ಮಾಡಬಹುದು. ಕಾನ್‌ಸ್ಟಿಟ್ಯೂಷನ್ ಬೇಕಾದದ್ದು ಬರೀ ಪ್ರಾಣ ಉಳಿಸಿಕೊಳ್ಳಲು ಅಲ್ಲ. ಜೊತೆಯವರನ್ನು ಹರಸುವ ಬ್ಲೆಸ್‌ನಂಥ ಮಂತ್ರ ಹಾಕಿದಾಗ ಏಟು ಬಿದ್ದರೂ ಗಮನ ಕೆಡಬಾರದು, ಕೆಟ್ಟರೆ ಮಂತ್ರ ಅಲ್ಲೇ ನಿಂತುಹೋಗುತ್ತದೆ; ಅದನ್ನು ಪರೀಕ್ಷಿಸುವುದು ಇದೇ ಗುಣ.

ಹುಬ್ಬಳ್ಳಿ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದುವ ಸೋದರಮಾವನ ಮಗ ಒಂದು ರಾತ್ರಿ ಫೋನ್ ಮಾಡಿದ. "ಅಕ್ಕಾ, ನಂದು ಫೈಟರ್ ಐತಿ, ಎಷ್ಟ್ ಬೀಸಿದ್ರೂ ಏಟ ಹತ್ತವಲ್ದು." ಫೈಟರ್ ಅಂದರೆ ಆಯುಧ ಹಿಡಿದು ಕಾದಾಡುವ ಕ್ಲಾಸ್. ಅಂಕಿ ಕೇಳಿದೆ. ಮೂರಕ್ಕೆ 13, ಮೂರಕ್ಕೆ 12, ಎಲ್ಲದಕ್ಕೂ ಸಮನಾಗಿ ಹಂಚಿದ್ದ. ಮೇಲಿನ 2 ಪಾಯಿಂಟನ್ನು ಕರಿಸ್ಮಾಕ್ಕೆ ಹಾಕಿದ್ದ, ಕತ್ತಿ ಬೀಸುವ ಸ್ಟ್ರೆಂತ್ 13ರಲ್ಲೇ ಉಳಿದಿತ್ತು. "ಎಲ್ಲಾದ್ರಾಗೂ ಚಲೋ ಇರ್ಲಿ ಅಂತ ಮಾಡೇನಿ" ಅಂದ. ಇದು ಹೊಸಬರು ಎಲ್ಲರೂ ಮಾಡುವ ತಪ್ಪು. ತಂಡದಲ್ಲಿ ನಮ್ಮ ಪಾತ್ರದ ಜೊತೆಗೆ ಇನ್ನೂ ಮೂವರು ಇರುತ್ತಾರಲ್ವಾ? ಬೀಗ ತೆಗೆಯುವವರು, ಮಾತಾಡುವವರು ಬೇರೆಯೇ ಇರಲಿ. ಸ್ಟ್ರೆಂತ್ 17 ಮಾಡು ಅಂದೆ. ದಾಳಕ್ಕೆ 1 ಸೇರುವ ಕಡೆ 3 ಸೇರುತ್ತದೆ. ಬಿದ್ದ ಪ್ರತಿ ಏಟಿನ ಜೋರೂ 2 ಹೆಚ್ಚುತ್ತದೆ.

ಅದಕ್ಕಾಗಿ ಆಟವನ್ನು ಮೊದಲಿನಿಂದ ಆಡಬೇಕಿಲ್ಲ. ಇದೇ ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ಏರ್ಪಾಡು. ಶುರುವಿನ ಸಮುದ್ರ ತೀರದ ಹತ್ತಿರ ಒಂದು ಹಳೇ ಗೋರಿ ಇದೆ. ಅಲ್ಲಿ ವಿದರ್ಸ್ ಅನ್ನುವವನು ಸಿಗುತ್ತಾನೆ. ಆಮೇಲೆ ನಮ್ಮ ಬಿಡಾರಕ್ಕೇ ಬಂದು ನಿಲ್ಲುತ್ತಾನೆ. 100 ಬಂಗಾರದ ನಾಣ್ಯ ಕೊಟ್ಟರೆ ಕ್ಲಾಸ್, ಅಂಕಿ ಎಲ್ಲವನ್ನೂ ಹೊಸದಾಗಿ ಹಾಕಿಕೊಳ್ಳಬಹುದು. ಜನಾಂಗ ಮಾತ್ರ ಬದಲಾಗುವುದಿಲ್ಲ, ಅದನ್ನು ಯೋಚಿಸಿಯೇ ಆರಿಸಿ. ಎರಡು ಕ್ಲಾಸ್ ಬೆರೆಸುವ ಆಸೆ ಇದ್ದರೆ 5ನೇ ಲೆವೆಲ್ ತನಕ ತಡೆಯಿರಿ. ಫೈಟರ್‌ಗೆ ಒಂದೇ ಸರದಿಯಲ್ಲಿ ಎರಡನೇ ಏಟು ಬರುವುದು ಅಲ್ಲೇ. ನಮ್ಮ ಅಜ್ಜಿಗೆ ಬೆಂಕಿಯುಂಡೆ ಎಸೆಯುವ ಫೈರ್‌ಬಾಲ್ ಮಂತ್ರ ಸಿಕ್ಕಿದ್ದೂ ಅಲ್ಲೇ.

ಕೊಳ್ಳುವವರಿಗೆ ಎರಡು ಮಾತು. 150 ಜಿಬಿ ಜಾಗ ಬೇಕು, ಎಸ್‌ಎಸ್‌ಡಿ (ವೇಗದ ಡಿಸ್ಕ್) ಇರಲೇಬೇಕು. ನಮ್ಮ ಮನೆಯ ನೆಟ್‌ನಲ್ಲಿ ಇಳಿಯಲು ಎರಡು ರಾತ್ರಿ ಹಿಡಿಯಿತು. ಇದು ದೊಡ್ಡವರ ಆಟ, ರಕ್ತ, ಪ್ರಣಯ ಎಲ್ಲಾ ಇದೆ. ಮಕ್ಕಳ ಮುಂದೆ ಹಚ್ಚಬೇಡಿ.

ಡ್ವಾರ್ಫ್‌ಗಳ ನಡಿಗೆ ನಿಧಾನ. ಒಂದು ಸರದಿಗೆ ಏಳೂವರೆ ಮೀಟರ್ ಅಷ್ಟೇ, ಮನುಷ್ಯರದು 9. ಎಷ್ಟೋ ಕಾಳಗದಲ್ಲಿ ಅಜ್ಜಿ ಹಿಂದೆ ಉಳಿದಳು. ಮಾತಿನಲ್ಲೂ ಜಾಣೆಯಲ್ಲ, ಕರಿಸ್ಮಾ 10 ಇದ್ದರೆ ದಾಳಕ್ಕೆ ಏನೂ ಸೇರುವುದಿಲ್ಲ. ಆದರೆ ಕ್ಲೆರಿಕ್‌ಗೆ ಗೈಡೆನ್ಸ್ ಅನ್ನುವ ಪುಟ್ಟ ಮಂತ್ರ ಇದೆ. ಎಷ್ಟು ಸಲ ಬೇಕಾದರೂ ಹಾಕಬಹುದು, ನಾಲ್ಕು ಮುಖದ ದಾಳ ಒಂದು ಜಾಸ್ತಿ ಸಿಗುತ್ತದೆ. ಒಮ್ಮೆ ಜಗಳ ಬಿಡಿಸಲು ಹೋದಾಗ 12 ಬೇಕಿತ್ತು. ದೊಡ್ಡ ದಾಳ ಉರುಳಿ 10ಕ್ಕೆ ನಿಂತಿತು. ಆಮೇಲೆ ಪುಟ್ಟದು ತಿರುಗಿ 3 ತೋರಿಸಿತು. ಎದುರಿಗಿದ್ದವನು ಕತ್ತಿ ಕೆಳಗಿಳಿಸಿದ.